ಕಕ್ಕ ನೋಡಿ ಅಸ್ತಮಾ ಭವಿಷ್ಯ ಹೇಳುವ ಕಿಟ್: ಒಂದೇ ಡೈಪರ್, ಎರಡು ರಿಪೋರ್ಟ್

5ಕ್ಕೆ 2 ಸ್ಟಾರ್ ಕೊಟ್ಟಿದ್ದೇನೆ. ಒಂದು ಸ್ಟಾರ್ ಪೆಟ್ಟಿಗೆಯೊಳಗಿನ ಸೂಚನೆ ಹಾಳೆಗೆ, ಅದನ್ನು ಬರೆದವರು ನಿಜವಾಗಿಯೂ ಮಗು ಸಾಕಿದವರೇ ಇರಬೇಕು. ಇನ್ನೊಂದು ಕೊನೆಗೆ ಫೋನಿನಲ್ಲಿ ಸಿಕ್ಕ ಕಂಪನಿಯ ಗ್ರಾಹಕ ಸೇವೆಯ ಹುಡುಗಿಗೆ, ಅವಳು ಸುಳ್ಳು ಹೇಳಲಿಲ್ಲ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಥರದ ಕಿಟ್ ಮಾರುವವರು ಹಲವರಿದ್ದಾರೆ, ನೀವು ಕೊಳ್ಳಲು ಹೊರಟಿರುವುದು ಯಾರದ್ದೇ ಆಗಿರಲಿ, ದುಡ್ಡು ಕೊಡುವ ಮುಂಚೆ ಇದನ್ನೊಂದು ಸಲ ಓದಿ.

ಕಿಟ್ ಏನು ಅಂತ ಗೊತ್ತಿಲ್ಲದವರಿಗೆ: ಮಗುವಿನ ಕಕ್ಕದ ಒಂದು ಚೂರನ್ನು ಟ್ಯೂಬಿಗೆ ಹಾಕಿ ಕಳಿಸಬೇಕು. ಅವರು ಲ್ಯಾಬಿನಲ್ಲಿ ಅದರೊಳಗಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿ, ಯಾವ್ಯಾವ ಜಾತಿ ಎಷ್ಟೆಷ್ಟು ಪಾಲು ಇವೆ ಅಂತ ಲೆಕ್ಕ ಹಾಕಿ, ಆ್ಯಪ್‌ನಲ್ಲಿ ಬಣ್ಣಬಣ್ಣದ ರಿಪೋರ್ಟ್ ಕೊಡುತ್ತಾರೆ. ಇಲ್ಲಿಯವರೆಗೆ ಸರಿ. ಆದರೆ ಅದರ ಮೇಲೆ 'ಅಲರ್ಜಿ ಮತ್ತು ಅಸ್ತಮಾ ಸೂಚ್ಯಂಕ' ಅಂತ ಒಂದು ಇದೆ, ಹಸಿರು, ಹಳದಿ, ಕೆಂಪು. ಜನ ದುಡ್ಡು ಕೊಡುವುದು ಆ ಒಂದು ಬಣ್ಣಕ್ಕೆ. ನಾನೂ ಅದಕ್ಕೇ ಕೊಟ್ಟಿದ್ದು.

ಯಾಕೆ ಕೊಟ್ಟೆ ಅಂತ ಹೇಳದಿದ್ದರೆ ನನ್ನನ್ನು ಪೆದ್ದಿ ಅಂದುಕೊಳ್ಳುತ್ತೀರಿ. ನನ್ನ ದೊಡ್ಡ ಮಗಳಿಗೆ ಈಗ 6 ವರ್ಷ. 4 ತಿಂಗಳಿಗೆ ಕೆನ್ನೆ ಮೇಲೆ ಇಸುಬು ಬಂತು, ಆಮೇಲೆ ಮೊಣಕೈ ಮಡಿಕೆಗೆ ಇಳಿಯಿತು. ವರ್ಷ ತುಂಬುವ ಹೊತ್ತಿಗೆ ಮೊಟ್ಟೆ ಆಗಲ್ಲ ಅಂತ ಗೊತ್ತಾಯಿತು. ಆಮೇಲೆ ಪ್ರತಿ ನೆಗಡಿಗೂ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು, ರಾತ್ರಿಯೆಲ್ಲಾ ಕೂತುಕೊಂಡೇ ನಿದ್ದೆ. 5ನೇ ವರ್ಷಕ್ಕೆ ಡಾಕ್ಟರ್ 'ಇದು ಅಸ್ತಮಾನೇ' ಅಂದರು. ಚರ್ಮ, ಆಮೇಲೆ ಹೊಟ್ಟೆ, ಆಮೇಲೆ ಶ್ವಾಸ, ಹೀಗೆ ಒಂದರ ಹಿಂದೆ ಒಂದು ಬರುವುದಕ್ಕೆ ಡಾಕ್ಟರುಗಳು 'ಅಟೋಪಿಕ್ ಮಾರ್ಚ್' ಅಂತಾರೆ. ಎಲ್ಲ ಮಕ್ಕಳಲ್ಲೂ ಇದೇ ಸಾಲಿನಲ್ಲಿ ಬರುವುದಿಲ್ಲ, ನಮ್ಮ ಮನೆಯಲ್ಲಿ ಮಾತ್ರ ಪಾಠದ ಪುಸ್ತಕದ ಪ್ರಕಾರವೇ ಬಂತು.

ಈಗ ಚಿಕ್ಕವನು ಹುಟ್ಟಿದ. ಸಿಸೇರಿಯನ್. ಮೊದಲ ವಾರವೇ ಸೋಂಕಿನ ಅನುಮಾನದಿಂದ ಆ್ಯಂಟಿಬಯಾಟಿಕ್ ಬೇರೆ. ರಾತ್ರಿ 3 ಗಂಟೆಗೆ ಹಾಲು ಕುಡಿಸುತ್ತಾ ಫೋನ್ ನೋಡುತ್ತಾ ಕೂತಿರುವ ತಾಯಿಗೆ 'ಸಿಸೇರಿಯನ್ ಮಗುವಿನ ಕರುಳಿನಲ್ಲಿ ಏನಿಲ್ಲ ಗೊತ್ತಾ?' ಅಂತ ಜಾಹೀರಾತು ತೋರಿಸಿದರೆ ಏನಾಗುತ್ತದೆ? ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗುತ್ತದೆ, ಆಮೇಲೆ ಕಾರ್ಡ್ ನಂಬರ್ ಒತ್ತುತ್ತೇವೆ.

ಬಳಕೆ ಬಗ್ಗೆ ದೂರಿಲ್ಲ. ಟ್ಯೂಬಿನ ಮುಚ್ಚಳಕ್ಕೇ ಪುಟಾಣಿ ಚಮಚ ಅಂಟಿಸಿದ್ದಾರೆ, ಒಳಗೆ ಡಿಎನ್‌ಎ ಕೆಡದಂತೆ ಕಾಪಾಡುವ ದ್ರವ ಇದೆ, ಫ್ರಿಜ್ ಬೇಡ. ಹಾಲು ಕುಡಿಯುವ ಮಗುವಿನ ಕಕ್ಕ ನೀರಾಗಿರುತ್ತದೆ, ಡೈಪರ್ ಹೀರಿಕೊಂಡು ಬಿಡುತ್ತದೆ, ಅದಕ್ಕೇ ಒಳಗೆ ಹಾಸಲು ತೆಳು ಹಾಳೆಯನ್ನೂ ಕೊಟ್ಟಿದ್ದಾರೆ. ಸೂಚನೆಯಲ್ಲಿ 'ಆತುರ ಬೇಡ, ಮಗು ಮತ್ತೆ ಮಾಡುತ್ತದೆ' ಅಂತ ಒಂದು ಸಾಲು ಇತ್ತು, ನಗು ಬಂತು.

ಒಂದು ಕಿಟ್ ಕೊಂಡರೆ ಇನ್ನೊಂದಕ್ಕೆ ರಿಯಾಯಿತಿ ಇತ್ತು. 3 ತಿಂಗಳಿಗೆ ಒಂದು, 1 ವರ್ಷಕ್ಕೆ ಇನ್ನೊಂದು ಮಾಡಿ ಅಂತ ಅವರ ಉದ್ದೇಶ. ನನ್ನ ಗಂಡನಿಗೆ ಮೊದಲಿಂದಲೂ ಇದರ ಮೇಲೆ ನಂಬಿಕೆ ಇರಲಿಲ್ಲ. 'ಎರಡನ್ನೂ ಒಂದೇ ಡೈಪರ್‌ನಿಂದ ತುಂಬು, ಬೇರೆ ಬೇರೆ ಹೆಸರಲ್ಲಿ ಕಳಿಸು, ನೋಡೋಣ' ಅಂದರು. ಸುಮ್ನೆ ತಮಾಷೆಗೆ ಅಂದಿದ್ದು. ನಾನು ಹಾಗೇ ಮಾಡಿದೆ. ಒಂದು ನನ್ನ ಖಾತೆಯಲ್ಲಿ, ಇನ್ನೊಂದು ಅವರ ಖಾತೆಯಲ್ಲಿ, ಪ್ರಶ್ನೆಗಳಿಗೆಲ್ಲಾ ಒಂದೇ ಉತ್ತರ.

3 ವಾರಕ್ಕೆ ರಿಪೋರ್ಟ್ ಬಂತು. ನನ್ನ ಖಾತೆಯಲ್ಲಿ ಮಗು ಹಳದಿ, 'ಮಧ್ಯಮ ಅಪಾಯ'. ಅವರ ಖಾತೆಯಲ್ಲಿ ಅದೇ ಮಗು, ಅದೇ ಗಳಿಗೆಯ ಕಕ್ಕ, ಹಸಿರು.

ಬ್ಯಾಕ್ಟೀರಿಯಾಗಳ ಪಟ್ಟಿ ಪೂರ್ತಿ ಬೇರೆಯಾಗಿತ್ತು ಅಂತ ಹೇಳಲಾರೆ. ದೊಡ್ಡ ಪಾಲು ಇದ್ದವು ಎರಡರಲ್ಲೂ ಹತ್ತಿರಹತ್ತಿರ ಇದ್ದವು. ಬೈಫಿಡೋಬ್ಯಾಕ್ಟೀರಿಯಂ ಎರಡರಲ್ಲೂ ಮುಂದೆ. ವ್ಯತ್ಯಾಸ ಬಂದಿದ್ದು ಸಣ್ಣ ಪಾಲಿನವುಗಳಲ್ಲಿ. ಸೂಚ್ಯಂಕ ನಿಂತಿದ್ದು ಮಾತ್ರ ಆ ಸಣ್ಣವುಗಳ ಮೇಲೆಯೇ! ಚಮಚದ ಒಂದು ತುದಿಗೆ ಬಂದಿದ್ದು ಇನ್ನೊಂದು ತುದಿಗೆ ಬರದಿದ್ದರೆ ನನ್ನ ಮಗನ ಭವಿಷ್ಯದ ಬಣ್ಣ ಬದಲಾಗುತ್ತದೆ. ಗಿಣಿ ಚೀಟಿ ಎತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಗಂಡ ಕೇಳಿದರು. ವ್ಯತ್ಯಾಸ ಇದೆ, ಇದರ ಹಿಂದೆ ನಿಜವಾದ ವಿಜ್ಞಾನ ಇದೆ. ಅದಕ್ಕೇ ಜಾಸ್ತಿ ಸಿಟ್ಟು ಬಂದಿದ್ದು.

ಆ ವಿಜ್ಞಾನ ಏನು ಅಂತ ಹೇಳುತ್ತೇನೆ, ಯಾಕಂದ್ರೆ ರಿಪೋರ್ಟ್ ಕೈಗೆ ಬಂದ ಮೇಲೆ ಒಂದು ತಿಂಗಳು ಇದನ್ನೇ ಓದಿದೆ. ಸೂಚ್ಯಂಕಕ್ಕೆ ಆಧಾರ ಅಂತ ಅವರು ತೋರಿಸಿದ್ದು ನಾಲ್ಕು ಹೆಸರು: ಫೀಕಾಲಿಬ್ಯಾಕ್ಟೀರಿಯಂ, ಲಾಕ್ನೋಸ್ಪೈರಾ, ವೀಲೊನೆಲ್ಲಾ, ರೋಥಿಯಾ. ಇವು ಬಂದಿದ್ದು ಕೆನಡಾದ ಒಂದು ಅಧ್ಯಯನದಿಂದ, 2015ರದ್ದು. ಅಲ್ಲಿ 319 ಮಕ್ಕಳ ಕಕ್ಕ ಪರೀಕ್ಷಿಸಿದರು. ಒಂದನೇ ವರ್ಷಕ್ಕೆ ಯಾರಿಗೆ ಅಲರ್ಜಿ ಪರೀಕ್ಷೆ ಪಾಸಿಟಿವ್ ಬಂದು ಎದೆಯಲ್ಲಿ ಸಿಳ್ಳೆಯೂ ಇತ್ತೋ, ಅಂದರೆ ಮುಂದೆ ಅಸ್ತಮಾ ಬರುವ ಸಾಧ್ಯತೆ ಜಾಸ್ತಿ ಇರುವವರು, ಅವರಿಗೆ 3 ತಿಂಗಳಿದ್ದಾಗ ಈ ನಾಲ್ಕು ಕಡಿಮೆ ಇದ್ದವು. ಒಳ್ಳೆಯ ಅಧ್ಯಯನ, ದೊಡ್ಡ ವಿಷಯ. ಇಲಿಗಳ ಮೇಲೂ ಪರೀಕ್ಷಿಸಿದರು, ಈ ನಾಲ್ಕನ್ನು ಸೇರಿಸಿಕೊಟ್ಟಾಗ ಶ್ವಾಸಕೋಶದ ಉರಿಯೂತ ಕಡಿಮೆಯಾಯಿತು. ಆದರೆ 319ರಲ್ಲಿ ಆ ಜಾಸ್ತಿ ಅಪಾಯದ ಗುಂಪಿನಲ್ಲಿ ಇದ್ದ ಮಕ್ಕಳು ಎಷ್ಟು ಗೊತ್ತಾ? 22. ಗುಂಪುಗಳ ನಡುವೆ ಸರಾಸರಿ ವ್ಯತ್ಯಾಸ ಕಂಡರೆ ಅದರಿಂದ ಶರೀರ ಹೇಗೆ ಕೆಲಸ ಮಾಡುತ್ತದೆ ಅನ್ನುವ ಸುಳಿವು ಸಿಗುತ್ತದೆ. ಅದನ್ನು ಹಿಡಿದುಕೊಂಡು ಒಂದು ಮಗುವಿಗೆ ಬಣ್ಣ ಬಳಿಯುವುದು ಬೇರೆ ಕೆಲಸ, ಆ ಅಧ್ಯಯನ ಮಾಡಿದ್ದು ಅದಕ್ಕಲ್ಲ.

ಇನ್ನೊಂದು ಮಾತು. ಆ ಮಕ್ಕಳಿಗೆ 1 ವರ್ಷ ತುಂಬುವ ಹೊತ್ತಿಗೆ ಈ ವ್ಯತ್ಯಾಸ ಬಹುಮಟ್ಟಿಗೆ ಮಾಯವಾಗಿತ್ತು. ಅಂದರೆ ಮೊದಲ 100 ದಿನಗಳೇ ಮುಖ್ಯ ಅನ್ನುವ ಸೂಚನೆ. ಹಾಗಾದರೆ 1 ವರ್ಷಕ್ಕೆ ಎರಡನೇ ಕಿಟ್ ತಗೊಂಡು ಅದೇ ನಾಲ್ಕನ್ನು ಎಣಿಸಿ ಏನು ಉಪಯೋಗ? ರಿಯಾಯಿತಿ ಕೊಟ್ಟಿದ್ದು ಸುಮ್ನೆ ಅಲ್ಲ ಬಿಡಿ.

ಅತಿ ಸಿಟ್ಟು ತರಿಸಿದ ವಿಷಯ ಪ್ರಶ್ನಾವಳಿ. ಹೆರಿಗೆ ಹೇಗಾಯಿತು, ಎದೆಹಾಲೋ ಡಬ್ಬಿ ಹಾಲೋ, ಆ್ಯಂಟಿಬಯಾಟಿಕ್ ಕೊಟ್ಟಿದ್ದಾರಾ, ಕಕ್ಕದ ಬಣ್ಣ ಯಾವುದು (ಆರು ಚಿತ್ರ ಕೊಟ್ಟು ಆರಿಸಿ ಅಂತಾರೆ) ಇಷ್ಟೆಲ್ಲಾ ಕೇಳಿದರು. ತಾಯಿಗೆ ಅಸ್ತಮಾ ಇದೆಯಾ ಅಂತ ಕೇಳಲಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು 700 ಮಕ್ಕಳನ್ನು ಹುಟ್ಟಿನಿಂದ ನೋಡಿಕೊಂಡು ಬಂದು 2018ರಲ್ಲಿ ಪ್ರಕಟಿಸಿದರು: 1 ವರ್ಷಕ್ಕೆ ಕರುಳಿನ ಬ್ಯಾಕ್ಟೀರಿಯಾ ಸಮೂಹ ವಯಸ್ಸಿಗೆ ತಕ್ಕಷ್ಟು ಬಲಿತಿರದಿದ್ದ ಮಕ್ಕಳಲ್ಲಿ 5ನೇ ವರ್ಷಕ್ಕೆ ಅಸ್ತಮಾ ಜಾಸ್ತಿ ಕಂಡಿತು, ಆದರೆ ತಾಯಿಗೆ ಅಸ್ತಮಾ ಇದ್ದ ಮಕ್ಕಳಲ್ಲಿ ಮಾತ್ರ. ತಾಯಿಗೆ ಇಲ್ಲದ ಮಕ್ಕಳಲ್ಲಿ ಆ ಸಂಬಂಧ ಕಾಣಲೇ ಇಲ್ಲ. ಅಂದರೆ ಕಕ್ಕದ ಲೆಕ್ಕಕ್ಕೆ ಅರ್ಥ ಬರುವುದೇ ಈ ಒಂದು ಪ್ರಶ್ನೆಯಿಂದ. ನನಗೆ ಚಿಕ್ಕಂದಿನಿಂದ ಅಸ್ತಮಾ ಇದೆ. ಮಗುವಿನ ಅಕ್ಕನಿಗೆ ಇದೆ ಅಂತ ಹೇಳುವುದಕ್ಕೂ ಅವರ ಫಾರ್ಮ್‌ನಲ್ಲಿ ಜಾಗ ಇರಲಿಲ್ಲ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ ಅಂತಲೂ ಕೇಳಲಿಲ್ಲ.

ರಿಪೋರ್ಟ್ ಜೊತೆ ಒಂದು ಪುಸ್ತಿಕೆ ಕೊಡುತ್ತಾರೆ, 'ಮಗುವಿನ ರೋಗನಿರೋಧಕ ಶಕ್ತಿ ಬೆಳೆಯುವುದು ಹೇಗೆ' ಅಂತ. ಮೊದಲರ್ಧ ಚೆನ್ನಾಗಿದೆ, ಅದನ್ನು ಮೆಚ್ಚದಿರುವುದು ತಪ್ಪಾಗುತ್ತದೆ. ಹುಟ್ಟಿದ ಮಗುವಿನ ರೋಗನಿರೋಧಕ ವ್ಯವಸ್ಥೆ ಹೊಟ್ಟೆಯೊಳಗೆ ತಾಯಿಯ ಜೊತೆ ಜಗಳ ಆಡದಂತೆ ತಗ್ಗಿಬಗ್ಗಿ ಇದ್ದು ಅಭ್ಯಾಸ, ಹುಟ್ಟಿದ ತಕ್ಷಣ ಅದು ಸ್ವಲ್ಪ ಅಲರ್ಜಿಯ ಕಡೆಗೇ ವಾಲಿರುತ್ತದೆ. ಹೊರಗೆ ಬಂದ ಮೇಲೆ ಕರುಳಿಗೆ, ಚರ್ಮಕ್ಕೆ, ಮೂಗಿಗೆ ಬಂದು ಸೇರುವ ಸೂಕ್ಷ್ಮಜೀವಿಗಳು ಅದಕ್ಕೆ ಯಾರು ಕಳ್ಳ, ಯಾರು ನೆಂಟ ಅಂತ ಕಲಿಸುತ್ತವೆ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆಗಳಿವೆ. ಅವು ಮಗುವಿಗೆ ಅಂತ ಇರುವುದಲ್ಲ, ಬೈಫಿಡೋ ಬ್ಯಾಕ್ಟೀರಿಯಾಗಳ ಊಟ ಅದು! ತಾಯಿ ಮಗುವಿನ ಜೊತೆ ಅದರ ಬಾಡಿಗೆದಾರರಿಗೂ ಅಡುಗೆ ಮಾಡುತ್ತಾಳೆ. ಇದನ್ನು ಓದಿ ಎರಡು ದಿನ ಖುಷಿಯಲ್ಲಿದ್ದೆ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಮಾಡುವ ಕೆಲವು ಆಮ್ಲಗಳು 'ನಿಯಂತ್ರಕ ಟಿ ಕೋಶ'ಗಳು ಬೆಳೆಯಲು ನೆರವಾಗುತ್ತವೆ. ಈ ಕೋಶಗಳ ಕೆಲಸ 'ಸುಮ್ನಿರು, ಇದು ಬರೀ ದೂಳು, ಬರೀ ಮೊಟ್ಟೆ' ಅಂತ ಉಳಿದವುಗಳನ್ನು ತಡೆಯುವುದು. 2025ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಈ ಕೋಶಗಳ ಸುತ್ತಲಿನ ಸಂಶೋಧನೆಗೇ, ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಮೂವರಿಗೆ.

ಪುಸ್ತಿಕೆಯ ಎರಡನೇ ಅರ್ಧ ಹಾಳು. 'ಇಂದಿನ ಮನೆಗಳು ಅತಿ ಸ್ವಚ್ಛ, ಮಗುವಿಗೆ ಸೋಂಕು ತಗಲಲಿ ಬಿಡಿ' ಅನ್ನುವ ಧಾಟಿ. ಇದು ಬಂದಿದ್ದು ಎಲ್ಲಿಂದ ಅಂದರೆ, 1989ರಲ್ಲಿ ಡೇವಿಡ್ ಸ್ಟ್ರಾಚನ್ ಅನ್ನುವವರು ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ 17,414 ಮಕ್ಕಳ ಲೆಕ್ಕ ನೋಡಿ, ಅಣ್ಣ ಅಕ್ಕಂದಿರು ಜಾಸ್ತಿ ಇದ್ದಷ್ಟೂ ಪರಾಗದ ಅಲರ್ಜಿ, ಅಂದರೆ ಹೇ ಫೀವರ್, ಕಡಿಮೆ ಅಂತ ಕಂಡುಕೊಂಡರು. ಮಕ್ಕಳು ಒಬ್ಬರಿಂದ ಒಬ್ಬರಿಗೆ ಸೋಂಕು ಹಂಚಿಕೊಳ್ಳುವುದರಿಂದ ಇರಬಹುದು ಅಂತ ಊಹಿಸಿದರು. ಅದಕ್ಕೆ 'ಹೈಜೀನ್', ಅಂದರೆ ಸ್ವಚ್ಛತೆ, ಅನ್ನುವ ಹೆಸರು ಅಂಟಿಕೊಂಡಿತು, ಆಮೇಲೆ ಜನ ಕೈ ತೊಳೆಯುವುದನ್ನೇ ಬೈಯಲು ಶುರು ಮಾಡಿದರು. ನನ್ನ ಮಗಳ ಕತೆ ಉಲ್ಟಾ. ಅವಳಿಗೆ ಬರದ ನೆಗಡಿ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಲರ್ಜಿ ಅಥವಾ ಅಸ್ತಮಾ ಇರುವ ತಂದೆತಾಯಿಯ ಮಕ್ಕಳನ್ನು ನೋಡಿಕೊಂಡು ಬಂದ ಅಧ್ಯಯನ 2008ರಲ್ಲಿ ಹೇಳಿದ್ದು ಇದು: ಮೊದಲ 3 ವರ್ಷದಲ್ಲಿ ರೈನೋವೈರಸ್ಸಿನಿಂದ, ಅಂದರೆ ಮಾಮೂಲಿ ನೆಗಡಿಯ ವೈರಸ್ಸಿನಿಂದ, ಉಬ್ಬಸ ಬಂದ ಮಕ್ಕಳಿಗೆ 6ನೇ ವರ್ಷದಲ್ಲಿ ಅಸ್ತಮಾ ಇರುವ ಸಂಭವ ಸುಮಾರು 10 ಪಟ್ಟು. ವೈರಸ್ ಅಸ್ತಮಾ ತರುತ್ತದೋ, ಅಸ್ತಮಾ ಬರುವ ಶ್ವಾಸಕೋಶವೇ ವೈರಸ್ಸಿಗೆ ಸುಲಭವಾಗಿ ಸೋಲುತ್ತದೋ, ಅದು ಇನ್ನೂ ವಾದದ ವಿಷಯ. ಆದರೆ 'ಸೋಂಕು ತಗಲಲಿ ಬಿಡಿ' ಅಂತ ಬರೆದವರು ರಾತ್ರಿ 2 ಗಂಟೆಗೆ ಮಗುವಿನ ಪಕ್ಕೆಲುಬು ಒಳಗೆಳೆಯುವುದನ್ನು ನೋಡಿಲ್ಲ.

ಬೇಕಾಗಿರುವುದು ರೋಗ ತರುವ ಸೋಂಕಲ್ಲ, ರೋಗ ತರದ ಸೂಕ್ಷ್ಮಜೀವಿಗಳ ದೊಡ್ಡ ಸಂತೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಆಮಿಶ್ ಮತ್ತು ಹಟರೈಟ್ ಜನ. ಎರಡೂ ಯುರೋಪಿನಿಂದ ಬಂದ ರೈತ ಸಮುದಾಯಗಳು, ವಂಶವಾಹಿಗಳೂ ಹತ್ತಿರ. ಆಮಿಶರು ಕುದುರೆ ಕಟ್ಟಿ ಉಳುತ್ತಾರೆ, ಮನೆ ಪಕ್ಕದಲ್ಲೇ ಕೊಟ್ಟಿಗೆ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟರದ್ದು ಯಂತ್ರಗಳ ದೊಡ್ಡ ಬೇಸಾಯ, ಮನೆಗೂ ಕೊಟ್ಟಿಗೆಗೂ ದೂರ. 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಶಾಲೆಗೆ ಹೋಗುವ ಆಮಿಶ್ ಮಕ್ಕಳಲ್ಲಿ ಅಸ್ತಮಾ ಶೇ. 5.2, ಹಟರೈಟ್ ಮಕ್ಕಳಲ್ಲಿ ಶೇ. 21.3. ಮನೆ ದೂಳು ತಂದು ಅಳೆದರೆ ಆಮಿಶ್ ಮನೆಗಳಲ್ಲಿ ಎಂಡೋಟಾಕ್ಸಿನ್, ಅಂದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ಚೂರು, 6.8 ಪಟ್ಟು ಜಾಸ್ತಿ. ಆ ದೂಳಿನ ಸಾರವನ್ನು ಇಲಿಗಳ ಮೂಗಿಗೆ ಹಾಕಿದರೆ ಆಮಿಶ್ ದೂಳು ಅಸ್ತಮಾದಂಥ ಉರಿಯೂತವನ್ನು ತಡೆಯಿತು, ಹಟರೈಟ್ ದೂಳು ತಡೆಯಲಿಲ್ಲ. ವರ್ಷಗಟ್ಟಲೆ ಉಸಿರಿನಲ್ಲಿ ಹೋಗುವ ಕೊಟ್ಟಿಗೆಯ ಗಾಳಿಯನ್ನು ಒಂದು ಟ್ಯೂಬ್ ಕಕ್ಕದಲ್ಲಿ ಹುಡುಕಿದರೆ ಎಷ್ಟು ಸಿಗುತ್ತದೆ?

ಈಗ ನಿಜವಾಗಿ ಅಪಾಯದ ಭಾಗಕ್ಕೆ ಬರುತ್ತೇನೆ, 3ನೇ ಸ್ಟಾರ್ ಹೋಗಿದ್ದು ಇಲ್ಲಿ. ಹಳದಿ ರಿಪೋರ್ಟಿನ ಕೊನೇ ಪುಟದಲ್ಲಿ ಸಲಹೆ: 'ಮೊಟ್ಟೆ, ಕಡಲೆಕಾಯಿ ಮುಂತಾದವನ್ನು ಮಗುವಿಗೆ ವರ್ಷ ತುಂಬುವವರೆಗೆ ಮುಂದೂಡಿ.' ಇದು ಹಳೇ ಮಾತು, ಈಗ ಬಿಟ್ಟಿರುವ ಮಾತು. ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2000ದಲ್ಲಿ, ಅಲರ್ಜಿ ಸಂಭವ ಇರುವ ಮಕ್ಕಳಿಗೆ ಕಡಲೆಕಾಯಿಯನ್ನು 3 ವರ್ಷದವರೆಗೆ ಕೊಡಬೇಡಿ ಅಂದಿತ್ತು, 2008ರಲ್ಲಿ ಆಧಾರ ಇಲ್ಲ ಅಂತ ಅದನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತವರ ತಂಡದ ಲೀಪ್ ಪ್ರಯೋಗ ಬಂತು. ಜೋರಾದ ಇಸುಬು ಅಥವಾ ಮೊಟ್ಟೆ ಅಲರ್ಜಿ ಅಥವಾ ಎರಡೂ ಇದ್ದ 640 ಕೂಸುಗಳು, 4ರಿಂದ 11 ತಿಂಗಳ ಒಳಗಿನವು. ಅರ್ಧ ಮಕ್ಕಳಿಗೆ ಕಡಲೆಕಾಯಿ ಕೊಡುತ್ತಾ ಬಂದರು, ಇನ್ನರ್ಧಕ್ಕೆ 5 ವರ್ಷ ಮುಟ್ಟಿಸಲಿಲ್ಲ. ಶುರುವಿನಲ್ಲಿ ಚರ್ಮದ ಪರೀಕ್ಷೆ ನೆಗೆಟಿವ್ ಇದ್ದವರಲ್ಲಿ, ಮುಟ್ಟಿಸದ ಗುಂಪಿನಲ್ಲಿ ಶೇ. 13.7 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ, ತಿಂದ ಗುಂಪಿನಲ್ಲಿ ಶೇ. 1.9. ಅಂದರೆ ಯಾರಿಗೆ ಅಪಾಯ ಜಾಸ್ತಿಯೋ ಅವರಿಗೇ ಬೇಗ ಕೊಡುವುದರಿಂದ ಲಾಭ ಜಾಸ್ತಿ. ಈ ಕಿಟ್ ಅಪಾಯ ಜಾಸ್ತಿ ಅಂತ ಹೇಳಿ, ಅದೇ ಕಾರಣಕ್ಕೆ ಮುಂದೂಡಿ ಅನ್ನುತ್ತದೆ! ರೋಗವನ್ನೂ ತಾನೇ ಊಹಿಸಿ, ಅದು ಬರಲು ದಾರಿಯನ್ನೂ ತಾನೇ ಮಾಡಿಕೊಟ್ಟ ಹಾಗೆ.

ಇದರ ಹಿಂದಿನ ಕಾರಣವನ್ನು ನಮ್ಮ ಮಕ್ಕಳ ಡಾಕ್ಟರ್ ಒಂದೇ ಮಾತಿನಲ್ಲಿ ಹೇಳಿದರು, 'ಬಾಯಿಂದ ಹೋದರೆ ಊಟ, ಬಿರಿದ ಚರ್ಮದಿಂದ ಹೋದರೆ ಶತ್ರು' ಅಂತ. ಇಸುಬು ಇರುವ ಚರ್ಮ ಸೋರುವ ಗೋಡೆ ಇದ್ದ ಹಾಗೆ. ಮನೆಯ ದೂಳಿನಲ್ಲಿ, ದೊಡ್ಡವರ ಕೈಯಲ್ಲಿ ಇರುವ ಆಹಾರದ ಸಣ್ಣ ಕಣಗಳು ಅದರ ಮೂಲಕ ಒಳಗೆ ಹೋದರೆ ಶರೀರ ಎಚ್ಚೆತ್ತು ಐಜಿಇ, ಅಂದರೆ ಅಲರ್ಜಿ ತರುವ ಪ್ರತಿಕಾಯ, ತಯಾರಿಸುತ್ತದೆ, ಅದೇ ಆಹಾರ ಕರುಳಿನ ದಾರಿಯಲ್ಲಿ ಹೋದರೆ ಒಗ್ಗಿಕೊಳ್ಳುತ್ತದೆ. ಚರ್ಮವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಅನ್ನುವ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಇದ್ದರೆ ಇಸುಬು ಬರುವ ಸಂಭವ ಜಾಸ್ತಿ ಅಂತ 2006ರಲ್ಲೇ ಗೊತ್ತಾಗಿದೆ. ಇಷ್ಟು ದೊಡ್ಡ ಪಾತ್ರ ಚರ್ಮದ್ದು, ಆದರೆ ರಿಪೋರ್ಟಿನಲ್ಲಿ ಚರ್ಮದ ಬಗ್ಗೆ ಒಂದು ಸಾಲಿಲ್ಲ. ಕ್ರೀಮಿನ ಜಾಹೀರಾತು ಮಾತ್ರ ಇದೆ. ಅದಕ್ಕೂ ಮೋಸ ಹೋಗಬೇಡಿ. ಬ್ರಿಟನ್ನಿನಲ್ಲಿ 1,394 ಕೂಸುಗಳ ಮೇಲೆ ನಡೆದ ಪ್ರಯೋಗದಲ್ಲಿ ಮೊದಲ ವರ್ಷ ದಿನಾ ಮಾಯಿಶ್ಚರೈಸರ್ ಹಚ್ಚಿದರೂ ಇಸುಬು ಬರುವುದು ತಪ್ಪಲಿಲ್ಲ ಅಂತ 2020ರಲ್ಲಿ ಬಂತು. ಬಂದ ಇಸುಬಿಗೆ ಹಚ್ಚಲೇಬೇಕು, ಅದು ಬೇರೆ ಮಾತು. (ಜೋರಾದ ಇಸುಬು ಇದ್ದರೆ ಕಡಲೆಕಾಯಿ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಪರೀಕ್ಷೆ ಬೇಕಾಗಬಹುದು. ಇಡೀ ಕಾಳು ಯಾವತ್ತೂ ಕೊಡಬೇಡಿ, ಗಂಟಲಿಗೆ ಸಿಗುತ್ತದೆ. ನುಣ್ಣಗೆ ಅರೆದು, ತೆಳ್ಳಗೆ ಮಾಡಿ.)

ಪ್ರೊಬಯಾಟಿಕ್, ಅಂದರೆ 'ಒಳ್ಳೆಯ' ಬ್ಯಾಕ್ಟೀರಿಯಾ ಇರುವ ಹನಿಗಳ ಬಗ್ಗೆ ಬೇಗ ಮುಗಿಸುತ್ತೇನೆ. ಹಳದಿ ಬಂದವರಿಗೆ ತಿಂಗಳು ತಿಂಗಳು ಬಾಟಲಿ ಕಳಿಸುವ ಯೋಜನೆ ತಾನಾಗೇ ತೆರೆದುಕೊಳ್ಳುತ್ತದೆ, 'ಬೇಡ' ಅನ್ನುವ ಗುಂಡಿ ಬೂದು ಬಣ್ಣದಲ್ಲಿ ಅಡಗಿರುತ್ತದೆ. ಈ ಹನಿಗಳಿಂದ ಅಸ್ತಮಾ ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಬಾಟಲಿಯಲ್ಲಿರುವುದು ಆ ನಾಲ್ಕು ಬ್ಯಾಕ್ಟೀರಿಯಾಗಳೂ ಅಲ್ಲ, ಬೇರೆ ಯಾವುದೋ! ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗಂತೂ ಕೇಳದೆ ಹಾಕಲೇಬೇಡಿ, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ರಿಪೋರ್ಟಿನಲ್ಲಿ ಒಂದು ಸಲಹೆ ಸರಿ ಇತ್ತು: ಮಾಮೂಲಿ ನೆಗಡಿಗೆ ಆ್ಯಂಟಿಬಯಾಟಿಕ್ ಕೇಳಬೇಡಿ ಅಂತ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2000ದಿಂದ 2014ರವರೆಗೆ ಕೂಸುಗಳಿಗೆ ಆ್ಯಂಟಿಬಯಾಟಿಕ್ ಕೊಡುವುದು ಇಳಿಯುತ್ತಾ ಬಂದಂತೆ 1ರಿಂದ 4 ವರ್ಷದ ಮಕ್ಕಳಲ್ಲಿ ಹೊಸದಾಗಿ ಅಸ್ತಮಾ ಪತ್ತೆಯಾಗುವುದೂ ಶೇ. 26ರಷ್ಟು ಇಳಿಯಿತು. ಅದಕ್ಕೇ ಇದಾಯಿತು ಅಂತ ಖಚಿತವಾಗಿ ಹೇಳಲಾಗದಿದ್ದರೂ, ಅದೇ ತಂಡ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ನೋಡಿದಾಗಲೂ ಅದೇ ದಿಕ್ಕಿನ ಸುಳಿವು ಸಿಕ್ಕಿತು. ನನ್ನ ಮಗನಿಗೆ ಮೊದಲ ವಾರ ಕೊಟ್ಟಿದ್ದರ ಬಗ್ಗೆ ನನಗೀಗ ಬೇಜಾರಿಲ್ಲ. ಕೂಸಿಗೆ ರಕ್ತದ ಸೋಂಕಿನ ಅನುಮಾನ ಬಂದಾಗ ಯಾರೂ ಕಾಯುವುದಿಲ್ಲ, ಕಾಯಲೂಬಾರದು.

ಗ್ರಾಹಕ ಸೇವೆಗೆ ಫೋನ್ ಮಾಡಿ ಎರಡು ರಿಪೋರ್ಟಿನ ವಿಷಯ ಹೇಳಿದೆ. ಆ ಕಡೆಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೇಡಂ, ಇದು ರೋಗ ಪತ್ತೆ ಪರೀಕ್ಷೆ ಅಲ್ಲ, ಹಾಗಂತ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದೆ, ನನಗೂ ಚಿಕ್ಕ ಮಗು ಇದೆ, ನಾನು ಮಾಡಿಸಿಲ್ಲ' ಅಂದಳು. ಪಾಪ, ಅವಳ ಕೆಲಸಕ್ಕೆ ತೊಂದರೆ ಆಗದಿರಲಿ. ಸಂಶೋಧನೆಗೆ ಮಗುವಿನ ಮಾಹಿತಿ ಬಳಸಲು ಒಪ್ಪಿಗೆ ಅಂತ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ, ಅದನ್ನು ತೆಗೆಸಿದೆ. ನೀವೂ ನೋಡಿಕೊಳ್ಳಿ.

ಯಾರು ಕೊಳ್ಳಬಹುದು? ಕರುಳಿನಲ್ಲಿ ಏನಿದೆ ಅನ್ನುವ ಕುತೂಹಲಕ್ಕೆ, ಕಳೆದರೂ ಬೇಸರವಾಗದ ದುಡ್ಡಿದ್ದರೆ, ಸೂಚ್ಯಂಕದ ಪುಟ ನೋಡದೆ ಇರಬಲ್ಲಿರಾದರೆ ಕೊಳ್ಳಿ. ನನ್ನ ಹಾಗೆ ಹೆದರಿ ಕೊಳ್ಳುವವರಿಗೆ ಬೇಡವೇ ಬೇಡ. ಹೆದರಿದವರಿಗೆ ಇನ್ನೊಂದು ಲೆಕ್ಕ ಕೊಡುತ್ತೇನೆ, ನನಗೆ ನಿದ್ದೆ ಬರಿಸಿದ ಲೆಕ್ಕ ಇದು. ಅಮೆರಿಕದ ಟೂಸಾನ್‌ನಲ್ಲಿ 1980ರಿಂದ 1,246 ಕೂಸುಗಳನ್ನು ಸೇರಿಸಿಕೊಂಡು ಶುರುವಾದ ಅಧ್ಯಯನ 1995ರಲ್ಲಿ ಹೇಳಿತು: ಸುಮಾರು 3ರಲ್ಲಿ ಒಂದು ಮಗುವಿಗೆ 3 ವರ್ಷದೊಳಗೆ ಎದೆಯಲ್ಲಿ ಸಿಳ್ಳೆ ಬಂದಿತ್ತು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ 6ನೇ ವರ್ಷದ ಹೊತ್ತಿಗೆ ಅದು ಹೋಗಿಯೇ ಬಿಟ್ಟಿತ್ತು. ಹುಟ್ಟುವಾಗಲೇ ಶ್ವಾಸನಾಳ ಸಣ್ಣ ಇದ್ದವರು, ಬೆಳೆಯುತ್ತಾ ಸರಿಹೋದವರು.

ಚಿಕ್ಕವನಿಗೆ ಈಗ 8 ತಿಂಗಳು. ಕೆನ್ನೆ ಮೇಲೆ ಸ್ವಲ್ಪ ಇಸುಬು ಬಂದು ಹೋಯಿತು. ಡಾಕ್ಟರ್ ಹೇಳಿದ ಹಾಗೆ 6 ತಿಂಗಳಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಶುರು ಮಾಡಿದೆವು, ಮೊದಲ ದಿನ ಅವನ ಮುಖವನ್ನೇ ಎರಡು ಗಂಟೆ ನೋಡುತ್ತಾ ಕೂತಿದ್ದೆ. ಏನೂ ಆಗಲಿಲ್ಲ, ಅರ್ಧ ಬಾಯಿಗೆ, ಅರ್ಧ ತಲೆಗೆ ಹೋಯಿತು. ಅಕ್ಕ ದೂರದಲ್ಲಿ ಕೂತು 'ನನಗೆ ಯಾಕೆ ಆಗಲ್ಲ, ಅವನಿಗೆ ಯಾಕೆ ಆಗುತ್ತೆ' ಅಂತ ಕೇಳಿದಳು, ಅದಕ್ಕೆ ಯಾವ ಆ್ಯಪ್‌ನಲ್ಲೂ ಉತ್ತರ ಇಲ್ಲ.

ಎರಡನೇ ಕಿಟ್ಟಿನ ದುಡ್ಡು ವಾಪಸ್ ಬಂದಿದೆ. ಮೊದಲನೆಯದು ಎರಡು ತಿಂಗಳಿಂದ 'ಪರಿಶೀಲನೆಯಲ್ಲಿದೆ' ಅಂತ ತೋರಿಸುತ್ತಿದೆ. ಬಂದರೆ ಇಲ್ಲೇ ಬಂದು ಬರೆಯುತ್ತೇನೆ, ಸ್ಟಾರ್ ಮಾತ್ರ ಜಾಸ್ತಿ ಮಾಡುವುದಿಲ್ಲ.